ಸರ್ಜರಿ ಕೋಣೆಯಲ್ಲಿ ಐಸೋಫ್ಲುರೇನ್ ವಾಸನೆ: ಚಾರ್ಕೋಲ್ ಕ್ಯಾನಿಸ್ಟರ್ ಒಂದೇ ಸಾಕೇ?

ಬಿಳಿಇಲಿ_ಬೆಂಚು

ಮೌಸ್‌ಗೆ ಐಸೋಫ್ಲುರೇನ್ ಎಂಬ ಆವಿರೂಪದ ಅರಿವಳಿಕೆ ಕೊಟ್ಟು ಸ್ಟೀರಿಯೋಟ್ಯಾಕ್ಸಿಕ್ ಸರ್ಜರಿ (ತಲೆಯನ್ನು ಫ್ರೇಮ್‌ನಲ್ಲಿ ಅಲುಗದಂತೆ ಹಿಡಿದು ಮಾಡುವ ಮಿದುಳಿನ ಸರ್ಜರಿ) ನಡೆಯುವ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2.5 ಮೀಟರ್ ಎತ್ತರ. ಸ್ಪ್ಲಿಟ್ ಎಸಿ ಇದೆ, ಕಿಟಕಿ ಸೀಲ್, ಎಕ್ಸಾಸ್ಟ್ ಫ್ಯಾನ್ ಇಲ್ಲ.

ಸಲಕರಣೆ: ಆಕ್ಸಿಜನ್ ಸಿಲಿಂಡರ್, ಟೆಕ್-3 ಮಾದರಿಯ ವೇಪರೈಜರ್ (ದ್ರವ ಐಸೋಫ್ಲುರೇನನ್ನು ಆವಿ ಮಾಡಿ ಆಕ್ಸಿಜನ್‌ಗೆ ಬೆರೆಸುವುದು), ಮೇಲ್ಮುಚ್ಚಳದ 2 ಲೀಟರ್ ಅಕ್ರಿಲಿಕ್ ಇಂಡಕ್ಷನ್ ಬಾಕ್ಸ್ (ಮೊದಲು ಪ್ರಜ್ಞೆ ತಪ್ಪಿಸಲು), ಸ್ಟೀರಿಯೋಟ್ಯಾಕ್ಸ್ ಫ್ರೇಮ್ ಮೇಲೆ ನೋಸ್ ಕೋನ್ (ಸರ್ಜರಿ ಉದ್ದಕ್ಕೂ ಮೂತಿಗೆ ಗ್ಯಾಸ್ ಕೊಡುವ ಕೊಳವೆಬಾಯಿ). ಬಾಕ್ಸ್ ಮತ್ತು ನೋಸ್ ಕೋನ್ ಎರಡರ ಹೊರಹೋಗುವ ಟ್ಯೂಬ್ ಒಂದು ವೈ-ಕನೆಕ್ಟರ್‌ನಲ್ಲಿ ಸೇರಿ ಮೇಜಿನ ಮೇಲಿಟ್ಟ ಒಂದೇ ಚಾರ್ಕೋಲ್ ಕ್ಯಾನಿಸ್ಟರ್‌ಗೆ (ಆವಿ ಹೀರುವ ಇದ್ದಿಲಿನ ಡಬ್ಬಿ) ಹೋಗುತ್ತವೆ. ಇಂಡಕ್ಷನ್ 4%, ಆಮೇಲೆ 2%. ಫ್ಲೋ ಎರಡಕ್ಕೂ ನಿಮಿಷಕ್ಕೆ 2 ಲೀಟರ್.

ಬಾಕ್ಸ್ ತೆರೆದಾಗ ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ, ಆಮೇಲೆ ಇಡೀ ದಿನ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಕ್ಯಾನಿಸ್ಟರ್ ಹೊಸದು. ಅದನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಪಕ್ಕದ ಕೋಣೆಯಲ್ಲಿರುವ ಬಯೋಸೇಫ್ಟಿ ಕ್ಯಾಬಿನೆಟ್‌ನೊಳಗೆ ಇಂಡಕ್ಷನ್ ಮಾಡಿದರೆ ಸರಿಹೋಗುತ್ತದೆಯೇ?

---

ಮೂಷಿಕವಾಹನ

ವಾಸನೆ ಬರುತ್ತಿದೆ ಅಂದರೆ ಪ್ರಮಾಣ ಆಗಲೇ ಮಿತಿ ದಾಟಿ ಎಷ್ಟೋ ಮುಂದೆ ಹೋಗಿದೆ ಅಂತಲೇ ತಿಳಿಯಿರಿ. ವಾಸನೆ ಇಲ್ಲದಿದ್ದರೆ ಸುರಕ್ಷಿತ ಅಂತ ಮಾತ್ರ ಅಂದುಕೊಳ್ಳಬೇಡಿ, ಮೂಗು ಬೇಗ ಒಗ್ಗಿಹೋಗುತ್ತದೆ.

ಡಯಲ್ ಮೇಲಿನ 2% ಅಂದರೆ 20,000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆ ಎನ್‌ಐಒಎಸ್‌ಎಚ್ 1977ರಲ್ಲಿ ಹ್ಯಾಲೋಜನ್ ಇರುವ ಅರಿವಳಿಕೆಗಳಿಗೆ ಸೂಚಿಸಿದ ಗರಿಷ್ಠ ಮಟ್ಟ 2 ಪಿಪಿಎಂ. ಡಯಲ್‌ಗೂ ಮಿತಿಗೂ ನಡುವೆ ಹತ್ತು ಸಾವಿರ ಪಟ್ಟು ಅಂತರ! ಅದಕ್ಕೇ ಈ ಕೆಲಸದಲ್ಲಿ 'ಸ್ವಲ್ಪ ಸೋರಿಕೆ' ಅನ್ನುವುದು ಇಲ್ಲ.

ನಿಮ್ಮ ಕೋಣೆ 30 ಘನ ಮೀಟರ್, ಅಂದರೆ 30,000 ಲೀಟರ್. 2 ಲೀಟರ್ ಬಾಕ್ಸ್‌ನಲ್ಲಿ 4% ಇದ್ದರೆ ಶುದ್ಧ ಆವಿ 80 ಮಿ.ಲೀ. ಮುಚ್ಚಳ ತೆರೆದು ಅಷ್ಟೂ ಹೊರಗೆ ಬಂದು ಕೋಣೆಯಲ್ಲಿ ಸಮನಾಗಿ ಬೆರೆತರೂ 2.7 ಪಿಪಿಎಂ. ಒಂದೇ ಇಲಿ, ಒಂದೇ ಸಲ ತೆರೆದದ್ದಕ್ಕೆ. ಬೆರೆಯುವ ಮೊದಲು ಬಗ್ಗಿ ನಿಂತವರ ಮುಖದ ಹತ್ತಿರ ಅದರ ಹತ್ತಾರು ಪಟ್ಟು ಇರುತ್ತದೆ.

ಈಗ ನೋಸ್ ಕೋನ್. 2 ಲೀಟರ್ ಫ್ಲೋಗೆ 2% ಅಂದರೆ ನಿಮಿಷಕ್ಕೆ 40 ಮಿ.ಲೀ. ಆವಿ, ಗಂಟೆಗೆ 2,400 ಮಿ.ಲೀ. ಅದು ಹಿಡಿತಕ್ಕೆ ಸಿಗದೆ ಕೋಣೆಗೇ ಹೋದರೆ, ಹೊರಗಾಳಿ ಇಲ್ಲದ ನಿಮ್ಮ ಕೋಣೆಯಲ್ಲಿ ಒಂದು ಗಂಟೆಗೆ 80 ಪಿಪಿಎಂ. ಇಡೀ ದಿನದ ವಾಸನೆಗೆ ಬಾಕ್ಸ್‌ಗಿಂತ ಇದೇ ಮುಖ್ಯ ಕಾರಣ.

---

ವೆಟ್_ಮಾಮ

ಮೂಷಿಕವಾಹನ ಅವರ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಒಂದು ಮೌಸ್‌ಗೆ 2 ಲೀಟರ್ ಫ್ಲೋ ಯಾಕೆ? ಮೌಸ್ ನಿಮಿಷಕ್ಕೆ ಉಸಿರಾಡುವುದು ಹೆಚ್ಚೆಂದರೆ 50 ಮಿ.ಲೀ. ಆಸುಪಾಸು. ಅದರ ಮೂರು ಪಟ್ಟು ಕೊಟ್ಟರೂ 150. ಆದರೆ ಟೆಕ್-3 ಮಾದರಿಯ ವೇಪರೈಜರ್ 250 ಮಿ.ಲೀ.ಗಿಂತ ಕೆಳಗೆ ಡಯಲ್ ತೋರಿಸಿದಷ್ಟೇ ಕೊಡುತ್ತದೆ ಅನ್ನುವ ಭರವಸೆ ಇಲ್ಲ. ಹಾಗಾಗಿ ನೋಸ್ ಕೋನ್‌ಗೆ 400 ಮಿ.ಲೀ. ಇಡಿ. ರ‍್ಯಾಟ್‌ಗೆ 0.8ರಿಂದ 1 ಲೀಟರ್ ಧಾರಾಳ.

ಸ್ಥಿರ ಹಂತ ತಲುಪಿದ ಮೇಲೆ ಬಹುಪಾಲು ಮೌಸ್‌ಗಳಿಗೆ 1.5% ಸಾಕು. ಪಂಜ ಚಿವುಟಿ ನೋಡಿ, ಉಸಿರಿನ ಲಯ ನೋಡಿ, ಅದಕ್ಕೆ ತಕ್ಕಂತೆ ಇಳಿಸಿ. 0.4 ಲೀಟರ್‌ಗೆ 1.5% ಅಂದರೆ ನಿಮಿಷಕ್ಕೆ 6 ಮಿ.ಲೀ. ಆವಿ. 40 ಎಲ್ಲಿ, 6 ಎಲ್ಲಿ! ಒಂದು ಪೈಸೆ ಖರ್ಚಿಲ್ಲದೆ ಸಮಸ್ಯೆ ಆರು ಪಟ್ಟಿಗಿಂತ ಹೆಚ್ಚು ಕುಗ್ಗಿತು. ಫ್ಲೋಮೀಟರ್ 0–4 ಲೀಟರ್‌ನದ್ದಾಗಿದ್ದರೆ ಕೆಳಗಿನ ಗೆರೆ ಸರಿಯಾಗಿ ಓದಲು ಬರುವುದಿಲ್ಲ, 0–1 ಲೀಟರ್‌ನದ್ದು ಹಾಕಿಸಿ.

ಕ್ಯಾಬಿನೆಟ್ ವಿಷಯ: ಟೈಪ್ ಎ2 ಆಗಿದ್ದರೆ ಬೇಡ. ಅದು ಸುಮಾರು 70% ಗಾಳಿಯನ್ನು ಫಿಲ್ಟರ್ ಮಾಡಿ ಒಳಗೇ ತಿರುಗಿಸುತ್ತದೆ, ಉಳಿದದ್ದನ್ನು ಕೋಣೆಗೆ ಬಿಡುತ್ತದೆ. ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆಯೇ ಹೊರತು ಗ್ಯಾಸ್ ಹಿಡಿಯುವುದಿಲ್ಲ. ಅದರ ಎಕ್ಸಾಸ್ಟ್ ಡಕ್ಟ್ ಮೂಲಕ ಕಟ್ಟಡದ ಹೊರಗೆ ಹೋಗುತ್ತಿದ್ದರೆ ಅಥವಾ ಅದು ಬಿ2 (ಗಾಳಿಯನ್ನೆಲ್ಲ ಹೊರಗೇ ಬಿಡುವ ಬಗೆ) ಆಗಿದ್ದರೆ ಮಾತ್ರ ಯೋಚಿಸಬಹುದು. ಟಿಶ್ಯೂ ಕಲ್ಚರ್‌ನ ಹಾರಿಜಾಂಟಲ್ ಲ್ಯಾಮಿನಾರ್ ಫ್ಲೋ ಇದೆಯಲ್ಲ, ಅದರ ಹತ್ತಿರ ಸುಳಿಯಲೇಬೇಡಿ. ಗ್ಯಾಸನ್ನು ನೇರ ನಿಮ್ಮ ಮುಖಕ್ಕೇ ಊದುತ್ತದೆ. ಎನ್-95 ಮಾಸ್ಕ್ ಹಾಕಿಕೊಂಡರೂ ಅಷ್ಟೇ, ಗ್ಯಾಸ್‌ಗೆ ಅದು ಇದ್ದರೂ ಇಲ್ಲದಿದ್ದರೂ ಒಂದೇ.

ಕೆಮಿಸ್ಟ್ರಿಯವರ ಡಕ್ಟ್ ಇರುವ ಫ್ಯೂಮ್ ಹುಡ್ ಸಿಕ್ಕರೆ ಇಂಡಕ್ಷನ್ ಅಲ್ಲಿ ಮಾಡಿ. ಬಾಗಿಲ ಬಳಿ ಗಾಳಿಯ ವೇಗ ಸೆಕೆಂಡಿಗೆ 0.4ರಿಂದ 0.5 ಮೀಟರ್ ಇರಬೇಕು. ಆ ಗಾಳಿಗೆ ಮೌಸ್ ಬೇಗ ತಣ್ಣಗಾಗುತ್ತದೆ, ಬಾಕ್ಸ್ ಕೆಳಗೆ ಹೀಟಿಂಗ್ ಪ್ಯಾಡ್ ಇರಲಿ.

---

ತಕ್ಕಡಿ

ಕ್ಯಾನಿಸ್ಟರನ್ನು ದಿನದ ಲೆಕ್ಕದಲ್ಲಿ ಬದಲಿಸುವ ಪದ್ಧತಿಯೇ ತಪ್ಪು. ತೂಕದ ಲೆಕ್ಕ ಬೇಕು.

ಹೊಸದನ್ನು ಕವರ್‌ನಿಂದ ತೆಗೆದ ತಕ್ಷಣ ತೂಗಿ, ಆ ತೂಕ ಮತ್ತು ತಾರೀಖನ್ನು ಮಾರ್ಕರ್‌ನಿಂದ ಮೈಮೇಲೆಯೇ ಬರೆಯಿರಿ. ಪ್ರತಿ ಬಳಕೆಗೆ ಮೊದಲು ತೂಗಿ. ಸಾಮಾನ್ಯವಾಗಿ ಸಿಗುವ ಕ್ಯಾನಿಸ್ಟರ್‌ಗಳಿಗೆ 50 ಗ್ರಾಂ ಏರಿದರೆ ಆಯುಷ್ಯ ಮುಗಿಯಿತು. ನಿಮ್ಮದರ ಲೇಬಲ್ ಬೇರೆ ಸಂಖ್ಯೆ ಹೇಳಿದರೆ ಅದನ್ನೇ ಪಾಲಿಸಿ. ಬಣ್ಣ ಬದಲಾಗುವುದಿಲ್ಲ, ಸದ್ದು ಮಾಡುವುದಿಲ್ಲ, ತುಂಬಿದ ಮೇಲೂ ಗ್ಯಾಸ್ ಸರಾಗವಾಗಿ ಹಾದುಹೋಗುತ್ತದೆ. ತಕ್ಕಡಿ ಬಿಟ್ಟರೆ ಗೊತ್ತಾಗುವ ದಾರಿ ಇಲ್ಲ.

ಎಷ್ಟು ಹೊತ್ತು ಬಾಳುತ್ತದೆ ಅಂತ ಮೊದಲೇ ಅಂದಾಜಿಸಬಹುದು. ಗಂಟೆಗೆ ಖರ್ಚಾಗುವ ದ್ರವ (ಮಿ.ಲೀ.) = 3 × ಫ್ಲೋ (ಲೀ./ನಿಮಿಷ) × ಡಯಲ್ ಶೇಕಡಾ. ಒಂದು ಮಿ.ಲೀ. ದ್ರವಕ್ಕೆ 1.5 ಗ್ರಾಂ. ನಿಮ್ಮ ಈಗಿನ ಸೆಟ್ಟಿಂಗ್‌ಗೆ 3 × 2 × 2 = 12 ಮಿ.ಲೀ., ಅಂದರೆ 18 ಗ್ರಾಂ. ಎಲ್ಲವೂ ಕ್ಯಾನಿಸ್ಟರ್‌ಗೇ ಹೋದರೆ ಮೂರು ಗಂಟೆಯೊಳಗೆ ಅದು ಭರ್ತಿ. ವೆಟ್_ಮಾಮ ಹೇಳಿದ 0.4 ಲೀಟರ್, 1.5%ಗೆ ಗಂಟೆಗೆ 2.7 ಗ್ರಾಂ, ಹದಿನೆಂಟು ಗಂಟೆ ಬರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಸೋರಿಕೆಯೂ ಗೊತ್ತಾಗುತ್ತದೆ. ಎರಡು ಗಂಟೆ ಸರ್ಜರಿಯಲ್ಲಿ ನಿಮ್ಮ ವೇಪರೈಜರ್ 36 ಗ್ರಾಂ ಕಳೆದುಕೊಳ್ಳಬೇಕು. ಕ್ಯಾನಿಸ್ಟರ್ ಏರಿದ್ದು 10 ಗ್ರಾಂ ಮಾತ್ರ ಅಂದರೆ ಉಳಿದ 26 ಗ್ರಾಂ ಎಲ್ಲಿ ಹೋಯಿತು? ನೀವು ಉಸಿರಾಡಿದ್ದೀರಿ. ಬೇರೆ ಯಾವ ಮೀಟರ್ ಇಲ್ಲದವರಿಗೂ ಈ ಪರೀಕ್ಷೆ ಸಾಧ್ಯ, 0.1 ಗ್ರಾಂ ತೋರಿಸುವ ತಕ್ಕಡಿ ಸಾಕು.

ಇನ್ನೊಂದು, 'ಮೇಜಿನ ಮೇಲಿಟ್ಟ' ಅಂದಿದ್ದೀರಿ. ಬಹುತೇಕ ಕ್ಯಾನಿಸ್ಟರ್‌ಗಳಲ್ಲಿ ಗ್ಯಾಸ್ ಮೇಲಿಂದ ಹೊಕ್ಕು ತಳದ ತೂತುಗಳಿಂದ ಹೊರಬರುತ್ತದೆ. ಮೇಜಿಗೆ ಒತ್ತಿ ಕೂರಿಸಿದರೆ ತೂತು ಮುಚ್ಚಿ ಹಿಂಒತ್ತಡ ಏರುತ್ತದೆ, ಗ್ಯಾಸ್ ನೋಸ್ ಕೋನ್ ಕಡೆಯಿಂದಲೇ ಆಚೆ ಬರುತ್ತದೆ. ಜೊತೆಗೆ ಬರುವ ಹೋಲ್ಡರ್‌ನಲ್ಲಿ ತೂಗುಹಾಕಿ. ಅಡ್ಡ ಮಲಗಿಸಬೇಡಿ, ಇದ್ದಿಲು ಒಂದು ಪಕ್ಕಕ್ಕೆ ಸರಿದು ಮೇಲೆ ಖಾಲಿ ದಾರಿ ಬಿಡುತ್ತದೆ.

---

ಡಕ್ಟ್_ಮೇಸ್ತ್ರಿ_ಹುಬ್ಬಳ್ಳಿ

ಎಲ್ಲಾರೂ ಡಬ್ಬಿ, ತಕ್ಕಡಿ ಅಂತ ಮಾತಾಡಾಕತ್ತೀರಿ. ಕೋಣಿಗೆ ಹೊರಗಿನ ಗಾಳಿನ ಇಲ್ಲಂದ್ರ ಹೆಂಗ್ರೀ? ಸ್ಪ್ಲಿಟ್ ಎಸಿ ಇದ್ದ ಗಾಳಿನ ತಂಪು ಮಾಡಿ ತಿರುಗಸತೈತಿ ಅಷ್ಟ. ಗ್ಯಾಸ್ ಎಲ್ಲೂ ಹೋಗಂಗಿಲ್ಲ, ತಂಪಾಗಿ ಅಲ್ಲೇ ಕುಂದರತೈತಿ.

ಪ್ರಾಣಿ ಕೋಣಿಗೆ ಗಂಟೆಗೆ 10ರಿಂದ 15 ಸಲ ಹೊಸಾ ಗಾಳಿ ಅಂತ ಮಾರ್ಗಸೂಚಿ ಅದಾವ. 12 ಅಂತ ಹಿಡೀರಿ. 30 ಘನ ಮೀಟರ್ ಕೋಣಿಗೆ ಗಂಟೆಗೆ 360 ಘನ ಮೀಟರ್ ಗಾಳಿ ಹೊರಗ ಹೋಗಬೇಕು, ಫ್ಯಾನ್ ಅಂಗಡಿ ಭಾಷಾದಾಗ 212 ಸಿಎಫ್ಎಂ (ನಿಮಿಷಕ್ಕ ಘನ ಅಡಿ). ಫ್ಯಾನ್ ಡಬ್ಬಿ ಮ್ಯಾಲೆ ಬರದ ಸಂಖ್ಯಾ ಡಕ್ಟ್ ಇಲ್ಲದ ಲೆಕ್ಕ. ಡಕ್ಟ್, ಬೆಂಡ್, ಲೂವರ್ ಹಾಕಿದ ಮ್ಯಾಲೆ ಭಾಳ ಇಳಿತೈತಿ, ಅದಕ್ಕ ಒಂದು ಸೈಜ್ ದೊಡ್ಡದ ತಗೋರಿ. ಒಳಗ ಬರೋ ಗಾಳಿಗೂ ದಾರಿ ಬೇಕು. ಬಾಗಲ ಕೆಳಗ ಗ್ರಿಲ್ ಇಲ್ಲದ ಫ್ಯಾನ್ ಹಾಕಿದ್ರ ಸದ್ದು ಬರತೈತಿ, ಗಾಳಿ ಹೋಗಂಗಿಲ್ಲ.

ಹೊಸಾ ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು, ನಿಮ್ಮನ್ನ ದಾಟಿ, ಇಲಿ ದಾಟಿ, ಮುಂದಿನ ಗ್ವಾಡಿಯಿಂದ ಹೊರಗ ಹೋಗಬೇಕು. ಉಲ್ಟಾ ಆತಂದ್ರ ಗ್ಯಾಸ್ ಪೂರಾ ನಿಮ್ಮ ಮಾರಿ ಮ್ಯಾಲಿಂದನ ಹಾಯ್ತೈತಿ. ಹೊರಗಿನ ಬಾಯಿ ಪಕ್ಕದ ಕಿಟಕಿ ಕೆಳಗ, ಇನ್ನೊಬ್ಬರ ಫ್ರೆಶ್ ಏರ್ ಬಾಯಿ ಹತ್ರ ಬ್ಯಾಡ. ಸೋಂಕುರಹಿತ ಪ್ರಾಣಿ ವಿಭಾಗದ ಒಳಗ ಕೋಣಿ ಇದ್ರ ಫ್ಯಾನ್ ಹಾಕೋ ಮೊದಲ ಅಲ್ಲಿ ಎಚ್‌ವಿಎಸಿ (ಕಟ್ಟಡದ ಗಾಳಿ, ಎಸಿ ವ್ಯವಸ್ಥಾ) ನೋಡೋರನ್ನ ಕೇಳ್ರಿ, ಒತ್ತಡದ ಲೆಕ್ಕಾ ಕೆಡತೈತಿ.

---

ಮೂಷಿಕವಾಹನ

ಮೇಸ್ತ್ರಿಗಳ ಸಂಖ್ಯೆಯನ್ನೇ ಹಿಡಿದು ನೋಡಿದರೆ, ಗಂಟೆಗೆ 360 ಘನ ಮೀಟರ್ ಅಂದರೆ ನಿಮಿಷಕ್ಕೆ 6,000 ಲೀಟರ್. ನಿಮಿಷಕ್ಕೆ 6 ಮಿ.ಲೀ. ಆವಿ ಪೂರ್ತಿ ಸೋರಿದರೂ ಕೋಣೆ 1 ಪಿಪಿಎಂನಲ್ಲಿ ನಿಲ್ಲುತ್ತದೆ. 40 ಮಿ.ಲೀ. ಸೋರಿದರೆ ಅದೇ ಫ್ಯಾನ್ ಇದ್ದೂ 6.7. ಫ್ಯಾನ್ ಹಾಕಿ ಫ್ಲೋ ಇಳಿಸದಿದ್ದರೆ ಪ್ರಯೋಜನ ಅರ್ಧವೇ.

ಅಂದಹಾಗೆ, ಒಂದು ಸಲ ಕೋಣೆ ತುಂಬಿದರೆ 12 ಸಲ ಗಾಳಿ ಬದಲಾಗುವಲ್ಲಿ 99% ಹೊರಹೋಗಲು 23 ನಿಮಿಷ ಬೇಕು. 6 ಸಲವಾದರೆ 46 ನಿಮಿಷ.

---

ಹೊಸಬ_ಎಂಫಾರ್ಮ್

ಐಸೋಫ್ಲುರೇನ್ ಗಾಳಿಗಿಂತ ಆರು ಪಟ್ಟು ಭಾರ ಅಲ್ವಾ ಸರ್? ಹಾಗಿದ್ರೆ ಎಕ್ಸಾಸ್ಟ್ ಗ್ರಿಲ್ ನೆಲದ ಹತ್ತಿರ ಇಡಬೇಕಲ್ವಾ? ನಾವು ನಿಂತಾಗ ಮೂಗಿನ ಮಟ್ಟಕ್ಕೆ ಬರೋದೇ ಇಲ್ಲ ಅಂತ ನಮ್ಮಲ್ಲಿ ಹೇಳ್ತಾರೆ.

---

ವೆಟ್_ಮಾಮ

ಶುದ್ಧ ಆವಿ ಹೌದು, ಆರು ಪಟ್ಟಿಗೂ ಮೇಲೆ. ಆದರೆ ಶುದ್ಧ ಆವಿ ನಿಮ್ಮ ಕೋಣೆಯಲ್ಲಿ ಎಲ್ಲಿದೆ? ಆಕ್ಸಿಜನ್‌ನಲ್ಲಿ 4% ಬೆರೆತದ್ದು ಗಾಳಿಗಿಂತ 1.3 ಪಟ್ಟು ಭಾರ ಅಷ್ಟೇ. 100 ಪಿಪಿಎಂಗೆ ಇಳಿದ ಮೇಲೆ ವ್ಯತ್ಯಾಸ ಸಾವಿರದಲ್ಲಿ ಒಂದು ಭಾಗವೂ ಇಲ್ಲ. ಎಸಿಯ ಗಾಳಿ, ನಿಮ್ಮ ಕೈ ಓಡಾಟ ಸಾಕು, ಎಲ್ಲ ಬೆರೆತುಹೋಗುತ್ತದೆ. ನೆಲದಲ್ಲಿ ಕೆರೆಯಂತೆ ನಿಂತಿರುತ್ತದೆ ಅನ್ನುವುದು ಬರೀ ನಂಬಿಕೆ.

ಬಾಕ್ಸ್‌ನ ಒಳಗೆ ಮಾತ್ರ ಭಾರ ಲೆಕ್ಕಕ್ಕೆ ಬರುತ್ತದೆ. ಪಕ್ಕಕ್ಕೆ ಜಾರುವ ಬಾಗಿಲಿನ ಬಾಕ್ಸ್ ತೆರೆದರೆ ಗ್ಯಾಸ್ ಅಂಚಿನಿಂದ ಸುರಿದು ಮೇಜಿನ ಮೇಲೆ ಹರಡಿ ಮಡಿಲಿಗೆ ಇಳಿಯುತ್ತದೆ. ಮೇಲ್ಮುಚ್ಚಳದ್ದಾದರೆ ಬಹುಪಾಲು ಒಳಗೇ ಉಳಿಯುತ್ತದೆ, ಮುಚ್ಚಳ ನಿಧಾನ ತೆಗೆದು ತಕ್ಷಣ ಮುಚ್ಚಿದರೆ. ಅದಕ್ಕೇ ಹೀರುವ ತೂತು ಬಾಕ್ಸ್‌ನ ತಳದ ಹತ್ತಿರ ಇರುವುದು ಒಳ್ಳೆಯದು.

---

ಬಿಳಿಇಲಿ_ಬೆಂಚು

ಫ್ಲೋ ಮತ್ತು ಕ್ಯಾನಿಸ್ಟರ್ ಅರ್ಥವಾಯಿತು. ತೆರೆಯುವ ಮೊದಲು ಬಾಕ್ಸನ್ನು ಬರೀ ಆಕ್ಸಿಜನ್‌ನಿಂದ ತೊಳೆಯಬೇಕು ಅಂತ ಎಲ್ಲ ಕೈಪಿಡಿಯಲ್ಲೂ ಇದೆ. ಆದರೆ ಪೂರ್ತಿ ತೊಳೆಯುವ ಹೊತ್ತಿಗೆ ಮೌಸ್ ಎದ್ದು ಓಡಾಡುತ್ತದೆ. ಇದಕ್ಕೇನು ಮಾಡುವುದು?

---

ಮೂಷಿಕವಾಹನ

ನಿಮ್ಮ ಬಾಕ್ಸ್ ಮೌಸ್‌ಗೆ ದೊಡ್ಡದಾಯಿತು. 95% ತೊಳೆಯಲು ಬೇಕಾದ ಸಮಯ ಹೆಚ್ಚುಕಡಿಮೆ 3 × ಬಾಕ್ಸ್ ಗಾತ್ರ ÷ ಫ್ಲೋ. 2 ಲೀಟರ್ ಬಾಕ್ಸ್, 1 ಲೀಟರ್ ಫ್ಲೋ: 6 ನಿಮಿಷ. ಮೌಸ್ ಒಂದೆರಡು ನಿಮಿಷಕ್ಕೇ ಎಚ್ಚರವಾಗುತ್ತದೆ. 4 ಲೀಟರ್‌ಗೆ ಏರಿಸಿದರೆ ಒಂದೂವರೆ ನಿಮಿಷ, ಆದರೆ ಇಂಥ ಕ್ಯಾನಿಸ್ಟರ್‌ಗಳು ನಿಮಿಷಕ್ಕೆ 2 ಲೀಟರ್‌ಗಿಂತ ಹೆಚ್ಚು ಹರಿದರೆ ಪೂರ್ತಿ ಹಿಡಿಯುವುದಿಲ್ಲ, ಇದ್ದಿಲಿಗೆ ತಾಗುವ ಮೊದಲೇ ಗ್ಯಾಸ್ ನುಸುಳಿಹೋಗುತ್ತದೆ.

12 × 8 × 6 ಸೆಂ.ಮೀ. ಅಳತೆಯ ಬಾಕ್ಸ್ ಮಾಡಿಸಿ, ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. 1 ಲೀಟರ್ ಫ್ಲೋದಲ್ಲಿ ಒಂದೂವರೆ–ಎರಡು ನಿಮಿಷದ ಕೆಲಸ. ತೊಳೆಯದೇ ತೆರೆದರೂ ಕೋಣೆಗೆ ಬೀಳುವುದು ಸುಮಾರು 23 ಮಿ.ಲೀ., ಈಗಿನ 80ರ ಬದಲು. ಇಂಡಕ್ಷನ್ ಕೂಡ ಬೇಗ ಆಗುತ್ತದೆ, ಮೌಸ್‌ಗೂ ಒದ್ದಾಟ ಕಡಿಮೆ.

---

ನಳಿಕೆ

ಒಂದೇ ವೇಪರೈಜರ್ ಇರುವವರು ಆಕ್ಸಿಜನ್‌ನಿಂದ ತೊಳೆಯಲು ಹೋದರೆ ಇನ್ನೊಂದು ತೊಡಕಿದೆ. ಡಯಲ್ ಸೊನ್ನೆಗೆ ತಂದಾಗ ಮುಂದಿನ ಟ್ಯೂಬ್‌ನಲ್ಲೂ ಬರೀ ಆಕ್ಸಿಜನ್ ತುಂಬಿರುತ್ತದೆ. ಮೌಸನ್ನು ನೋಸ್ ಕೋನ್‌ಗೆ ಇಟ್ಟ ಮೇಲೆ ಗ್ಯಾಸ್ ತಲುಪಲು ಹೊತ್ತಾಗುತ್ತದೆ, ಅಷ್ಟರಲ್ಲಿ ಅದು ಹಗುರಾಗುತ್ತದೆ.

ಅದರ ಬದಲು ಬಾಕ್ಸನ್ನು ಕೋಣೆಯ ಗಾಳಿಯಿಂದಲೇ ತೊಳೆಯಿರಿ. ಬಾಕ್ಸ್‌ನ ಒಳಹರಿವಿನ ಪಕ್ಕ ಒಂದು ಸಣ್ಣ ಕವಾಟ, ಹೊರಹರಿವಿನಲ್ಲಿ ಸಕ್ಷನ್. ಕ್ರಮ ಹೀಗೆ:

1. ಇಲಿ ಮಗುಚಿದರೆ ಎದ್ದು ನಿಲ್ಲುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಇನ್ನೂ ಅರ್ಧ ನಿಮಿಷ ಕಾಯಿರಿ.
2. ನೋಸ್ ಕೋನ್‌ನ ಸಕ್ಷನ್ ಶುರುಮಾಡಿ, ಫ್ಲೋ 0.4ಕ್ಕೆ ಇಳಿಸಿ, ಗ್ಯಾಸನ್ನು ನೋಸ್ ಕೋನ್ ಕಡೆ ತಿರುಗಿಸಿ, ಬಾಕ್ಸ್‌ನ ಗ್ಯಾಸ್ ಟ್ಯೂಬ್ ಕ್ಲ್ಯಾಂಪ್ ಮಾಡಿ.
3. ಬಾಕ್ಸ್‌ನ ಗಾಳಿ ಕವಾಟ ತೆರೆದು ಸಕ್ಷನ್ ಹಾಕಿ. ಅರ್ಧ ಲೀಟರ್ ಬಾಕ್ಸ್‌ಗೆ ನಿಮಿಷಕ್ಕೆ 5 ಲೀಟರ್ ಎಳೆದರೆ 20 ಸೆಕೆಂಡ್ ಸಾಕು.
4. ಸಕ್ಷನ್ ಓಡುತ್ತಿರುವಾಗಲೇ ತೆರೆದು, ಇಲಿ ತೆಗೆದು, ಮುಚ್ಚಿ.

ಗಾಳಿ ಕವಾಟ ಮುಚ್ಚಿಟ್ಟು ಸಕ್ಷನ್ ಹಾಕಿದರೆ ಬಾಕ್ಸ್‌ನಲ್ಲಿ ನಿರ್ವಾತ ಏರಿ ಇಲಿಗೆ ಅಪಾಯ. ಕವಾಟದ ಹಿಡಿಗೆ ಬಣ್ಣ ಹಚ್ಚಿಡಿ. ಪಂಪ್ ಬಿಡುವ ಗಾಳಿ ಡಕ್ಟ್ ಮೂಲಕ ಹೊರಗೆ ಹೋಗಬೇಕು. ಪಂಪ್ ಅದೇ ಕೋಣೆಗೆ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಮೂಲ ಪ್ರಶ್ನೆಯಲ್ಲಿದ್ದ ವೈ-ಕನೆಕ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲೇ ದೊಡ್ಡ ಸೋರಿಕೆ ಇರುವ ಹಾಗಿದೆ. ನೋಸ್ ಕೋನ್‌ನಿಂದ ಹೊರಬಂದ ಗ್ಯಾಸ್‌ಗೆ ವೈ ಹತ್ತಿರ ಎರಡು ದಾರಿ: ಒಂದು ಇದ್ದಿಲಿನ ಮೂಲಕ, ಇನ್ನೊಂದು ಹಿಂದಕ್ಕೆ ಹೋಗಿ ಮುಚ್ಚಳ ತೆಗೆದಿಟ್ಟ ಬಾಕ್ಸ್ ಮೂಲಕ. ಇದ್ದಿಲಿನಲ್ಲಿ ತಡೆ ಇದೆ, ಖಾಲಿ ಟ್ಯೂಬ್‌ನಲ್ಲಿ ಇಲ್ಲ. ಅದು ಯಾವ ದಾರಿ ಹಿಡಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಗ್ಯಾಸ್ ಬರುವ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕುವವರು ಹೊರಹೋಗುವ ಟ್ಯೂಬ್ ಮರೆಯುತ್ತಾರೆ. ಎರಡಕ್ಕೂ ಹಾಕಿ. ಆಗುವುದಾದರೆ ಬಾಕ್ಸ್‌ಗೊಂದು, ನೋಸ್ ಕೋನ್‌ಗೊಂದು ಕ್ಯಾನಿಸ್ಟರ್ ಇಟ್ಟು ವೈ ತೆಗೆದೇಬಿಡಿ.

---

ವೆಟ್_ಮಾಮ

ನಳಿಕೆ ಅವರು ಹಿಡಿದದ್ದು ಸರಿ, ವೈ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಸ್ ಕೋನ್‌ನದೂ ಇದೇ ಕಥೆ. ಬರೀ ಕ್ಯಾನಿಸ್ಟರ್ ಇದ್ದರೆ ಗ್ಯಾಸನ್ನು ಅದರೊಳಗೆ ತಳ್ಳುವುದು ನಿಮ್ಮ ಫ್ಲೋ ಮಾತ್ರ. ಮೂತಿಯ ಸುತ್ತ ಒಂದು ಮಿಲಿಮೀಟರ್ ಸಂದು ಇದ್ದರೂ ಅದು ಇದ್ದಿಲಿಗಿಂತ ಸುಲಭದ ದಾರಿ. ಹಾಗಾಗಿ ನೋಸ್ ಕೋನ್‌ಗೆ ಎರಡು ಬೇಕು: ಬಿಗಿಯಾದ ಬಾಯಿ, ಮೆಲ್ಲಗೆ ಎಳೆಯುವ ಸಕ್ಷನ್.

ಬಾಯಿಗೆ ನೈಟ್ರೈಲ್ ಗ್ಲೌಸ್‌ನ ತುಂಡು ಬಿಗಿಯಾಗಿ ಎಳೆದು ಓ-ರಿಂಗ್ ಹಾಕಿ, ನಡುವೆ ಸಣ್ಣ ತೂತು. ಮೂತಿ ಒಳಹೋದಾಗ ಅಂಚು ಮೀಸೆಯ ಬುಡದ ಹಿಂದೆ ಕೂರಬೇಕು, ಕಣ್ಣಿಗೆ ತಾಗಬಾರದು. ಮೀಸೆ ಅಂಚಿನಲ್ಲಿ ಮಡಿಸಿಕೊಂಡರೆ ಪಕ್ಕದಲ್ಲಿ ಸಂದಾಗುತ್ತದೆ, ಇಕ್ಕಳದ ತುದಿಯಿಂದ ಒಳಗೆ ಸೇರಿಸಿ. ಕಣ್ಣಿನ ಮುಲಾಮು ಮೊದಲೇ ಹಚ್ಚಿದರೆ ಜಾರಿ ಅಂಚು ಕೂರುವುದಿಲ್ಲ, ಕೋನ್ ಕೂರಿಸಿದ ಮೇಲೆ ಹಚ್ಚಿ. ಹಲ್ಲು ಸಿಕ್ಕಿಸುವ ಬೈಟ್ ಬಾರ್ ಹಾದುಬರುವ ಸೀಳು ಎಲ್ಲರೂ ಮರೆಯುವ ಜಾಗ. ಅದಕ್ಕೆ ಒಂದು ಚೂರು ಸಿಲಿಕೋನ್ ಪುಟ್ಟಿ ಸಾಕು.

ಒಳಗಿನ ಟ್ಯೂಬ್ ಗ್ಯಾಸ್ ಕೊಡುವ, ಹೊರಗಿನದು ಎಳೆಯುವ ಕೋಏಕ್ಸಿಯಲ್ ಕೋನ್ ಇದ್ದರೆ ಒಳ್ಳೆಯದು. 0.4 ಲೀಟರ್ ಕೊಡುತ್ತಿದ್ದರೆ ಎಳೆಯುವುದು ಅದರ ಎರಡು ಪಟ್ಟಿನ ಆಸುಪಾಸಿನಿಂದ ಶುರುಮಾಡಿ. ಅತಿಯಾಗಿ ಎಳೆದರೆ ಗ್ಯಾಸ್ ಮೂಗಿಗೆ ತಲುಪುವ ಮೊದಲೇ ಹೋಗುತ್ತದೆ, ಇಲಿ ಹಗುರಾಗುತ್ತದೆ, ನೀವು ಡಯಲ್ ಏರಿಸುತ್ತೀರಿ. ಡಯಲ್ 1.5ರಲ್ಲಿ ನಿಲ್ಲುತ್ತಿದ್ದ ಇಲಿಗೆ ಇದ್ದಕ್ಕಿದ್ದಂತೆ 2.5 ಬೇಕಾದರೆ ಮೊದಲು ಸಕ್ಷನ್ ನೋಡಿ.

---

ಹೊಸಬ_ಎಂಫಾರ್ಮ್

ಸಕ್ಷನ್ ಎಳೀತಿದೆಯೋ ಇಲ್ವೋ ನೋಡೋಕೆ ಊದುಬತ್ತಿ ಹೊಗೆ ಹಿಡಿದು ನೋಡಬಹುದಾ?

---

ವೆಟ್_ಮಾಮ

ಬೇಡ! ಆಕ್ಸಿಜನ್ ಹರಿಯುವ ಬಾಯಿ, ಪಕ್ಕದಲ್ಲಿ ಸ್ಪಿರಿಟ್ ಹತ್ತಿ, ಕೈಯಲ್ಲಿ ಕೆಂಡ. ಯೋಚನೆಯನ್ನೂ ಮಾಡಬೇಡಿ. ಟಿಶ್ಯೂ ಕಾಗದದ ತೆಳು ಪದರ ಕತ್ತರಿಸಿ ಕೋನ್ ಅಂಚಿಗೆ ಹಿಡಿಯಿರಿ, ಒಳಕ್ಕೆ ಬಾಗಬೇಕು. ಇಲ್ಲವೇ ಬಿಸಿನೀರಿಗೆ ಡ್ರೈ ಐಸ್ ಹಾಕಿ ಬರುವ ಮಂಜು, ಇಲಿ ಇಲ್ಲದಾಗ.

---

ಡಕ್ಟ್_ಮೇಸ್ತ್ರಿ_ಹುಬ್ಬಳ್ಳಿ

ಆನೆ ಸೊಂಡಿಲಿನಂಥ ಎಕ್ಸಾಸ್ಟ್ ಪೈಪ್ ಹಾಕಿಸೋರಿಗೆ ಒಂದು ಮಾತು. ಭಾಳ ಮಂದಿ ಅದನ್ನ ಇಲಿಯಿಂದ ಒಂದ ಅಡಿ ಮ್ಯಾಲ ತೂಗಹಾಕಿ 'ಐತಿ' ಅಂತ ಸಮಾಧಾನ ಮಾಡ್ಕೋತಾರ. ಊದೋ ಗಾಳಿ ದೂರ ಹೋಗತೈತಿ, ಎಳಿಯೋ ಗಾಳಿ ಹೋಗಂಗಿಲ್ಲ. 10 ಸೆಂ.ಮೀ. ಅಗಲದ ಬಾಯಿ ಇದ್ರ, 10 ಸೆಂ.ಮೀ. ದೂರದಾಗ ವೇಗ ಬಾಯಿಯೊಳಗಿನದರ 7% ಉಳಿತೈತಿ ಅಷ್ಟ. ಆ ದೂರದಾಗ ಸೆಕೆಂಡಿಗೆ ಅರ್ಧ ಮೀಟರ್ ಬೇಕಂದ್ರ ಗಂಟೆಗೆ 190 ಘನ ಮೀಟರ್ ಮ್ಯಾಲ ಎಳೀಬೇಕು. ಅದ ಬಾಯಿನ್ನ 5 ಸೆಂ.ಮೀ.ಗೆ ತಂದ್ರ 60ಕ್ಕ ಮುಗೀತು. ಹತ್ರ ತರ್ರಿ, ಸರ್ಜನ್ ಕೈಗೆ ಅಡ್ಡ ಬರದಂಗ ಎದುರು ಪಕ್ಕದಿಂದ ತರ್ರಿ. ಮ್ಯಾಲಿಂದ ಎಳದ್ರ ಗ್ಯಾಸ್ ನಿಮ್ಮ ಮಾರಿ ದಾಟೇ ಹೋಗಬೇಕಾಗತೈತಿ.

---

ನಳಿಕೆ

ಲೀಕ್ ಹುಡುಕುವ ಬಗ್ಗೆ. ವೇಪರೈಜರ್ ಸೊನ್ನೆಯಲ್ಲಿಟ್ಟು, ಆಕ್ಸಿಜನ್ ಮಾತ್ರ ಹರಿಸಿ, ಪ್ರತಿ ಜೋಡಣೆಗೂ ಸೋಪು ನೀರು ಬ್ರಷ್‌ನಿಂದ ಹಚ್ಚಿ ಗುಳ್ಳೆ ನೋಡಿ, ಆಮೇಲೆ ಒರೆಸಿ. ಅಡ್ಡಾದಿಡ್ಡಿ ಹುಡುಕಬೇಡಿ, ಸಿಲಿಂಡರ್‌ನಿಂದ ಶುರುಮಾಡಿ ಇಲಿಯ ಕಡೆಗೆ ಬನ್ನಿ. ಹೆಚ್ಚಾಗಿ ಸಿಗುವ ಜಾಗಗಳು: ವೇಪರೈಜರ್ ಕೂರುವ ಮೌಂಟ್‌ನ ಓ-ರಿಂಗ್, ಬಾಕ್ಸ್ ಮುಚ್ಚಳದ ಗ್ಯಾಸ್ಕೆಟ್, ಬಾರ್ಬ್‌ಗೆ ತುರುಕಿದ ಟ್ಯೂಬ್‌ನ ತುದಿ. ಪಿವಿಸಿ ಟ್ಯೂಬ್ ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿದ್ದರೆ ಎರಡು ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕುವ ಜಿಪುಣತನ ಬೇಡ, ಬದಲಿಸಿ. ಅಕ್ರಿಲಿಕ್ ಬಾಕ್ಸನ್ನು ಸ್ಪಿರಿಟ್‌ನಿಂದ ಒರೆಸುತ್ತಾ ಬಂದರೆ ಅಂಟಿಸಿದ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ.

ಎಸಿ ಮೆಕ್ಯಾನಿಕ್‌ಗಳ ಹತ್ತಿರ ಇರುವ ಹ್ಯಾಲೋಜನ್ ಲೀಕ್ ಡಿಟೆಕ್ಟರ್ ಐಸೋಫ್ಲುರೇನ್‌ಗೂ ಕೂಗುತ್ತದೆ, ಫ್ಲೋರಿನ್–ಕ್ಲೋರಿನ್ ಇರುವುದರಿಂದ. ಇಲಿ ಕೋನ್‌ನಲ್ಲಿರುವಾಗ ಅದರ ತುದಿಯನ್ನು ಮೂತಿಯ ಸುತ್ತ ಆಡಿಸಿದರೆ ಸಂದು ಎಲ್ಲಿದೆ ಅಂತ ಕ್ಷಣದಲ್ಲಿ ಗೊತ್ತಾಗುತ್ತದೆ. ಎಷ್ಟು ಪಿಪಿಎಂ ಅಂತ ಹೇಳುವುದಿಲ್ಲ. ಅದಕ್ಕೆ ಕಾಲರ್‌ಗೆ ಸಿಕ್ಕಿಸುವ ಬ್ಯಾಡ್ಜ್ ಬೇಕು, ಕೆಲಸದ ದಿನ ಮೂಗಿನ ಹತ್ತಿರ ಹಾಕಿಕೊಂಡು ಆಮೇಲೆ ಲ್ಯಾಬ್‌ಗೆ ಕಳಿಸುವುದು. ಬ್ಯಾಡ್ಜ್ ಕೊಡುವುದು ಸರಾಸರಿ, ಬಾಕ್ಸ್ ತೆರೆದ ಆ ಹತ್ತು ಸೆಕೆಂಡ್ ಅದರಲ್ಲಿ ಕಳೆದುಹೋಗುತ್ತದೆ. ಇನ್‌ಫ್ರಾರೆಡ್ ಮೀಟರ್ ಬಾಡಿಗೆಗೆ ತಂದರೆ ಎರಡೂ ಕಾಣುತ್ತದೆ, ಆದರೆ ಸ್ಪಿರಿಟ್ ಆವಿ ಓದಿಕೆ ಕೆಡಿಸುತ್ತದೆ. ಮೇಜು ಒರೆಸಿ ಆರಿದ ಮೇಲೆ ಅಳೆಯಿರಿ.

---

ತಕ್ಕಡಿ

ವೇಪರೈಜರ್ ತುಂಬಿಸುವುದು ಉಳಿಯಿತು. 1 ಮಿ.ಲೀ. ದ್ರವ ಸುಮಾರು 195 ಮಿ.ಲೀ. ಆವಿಯಾಗುತ್ತದೆ. ನಿಮ್ಮ ಕೋಣೆಯಲ್ಲಿ ಒಂದು ಮಿ.ಲೀ. ಚೆಲ್ಲಿದರೆ 6.5 ಪಿಪಿಎಂ, 5 ಮಿ.ಲೀ. ಚೆಲ್ಲಿದರೆ 32. ಬಾಟಲಿಯಿಂದ ನೇರ ಸುರಿಯಬೇಡಿ, ಬಾಟಲಿಗೆ ಕೂರುವ ಫಿಲ್ಲರ್ ಅಡಾಪ್ಟರ್ ಹಾಕಿ. ದಿನದ ಕೆಲಸ ಮುಗಿದ ಮೇಲೆ, ಆಕ್ಸಿಜನ್ ನಿಲ್ಲಿಸಿ, ಡಯಲ್ ಸೊನ್ನೆಗೆ ತಂದು, ಫ್ಯಾನ್ ಓಡಿಸಿಕೊಂಡು ತುಂಬಿಸಿ ಕೋಣೆ ಬಿಡಿ. ತುಂಬಿದ ವೇಪರೈಜರನ್ನು ಓರೆ ಮಾಡಿ ಸಾಗಿಸಬೇಡಿ. ದ್ರವವು ಬರೀ ಆಕ್ಸಿಜನ್ ಹೋಗುವ ಬೈಪಾಸ್ ದಾರಿಗೆ ನುಗ್ಗಿದರೆ ಮುಂದಿನ ಇಲಿಗೆ ಡಯಲ್ ತೋರಿಸುವುದಕ್ಕಿಂತ ಎಷ್ಟೋ ಹೆಚ್ಚು ಹೋಗುತ್ತದೆ.

---

ಹೊಸಬ_ಎಂಫಾರ್ಮ್

ನಮ್ಮಲ್ಲಿ ವೇಪರೈಜರ್ ಇಲ್ಲ, ಜಾರ್‌ನಲ್ಲಿ ಹತ್ತಿಗೆ ಹಾಕಿ ರಕ್ತ ತೆಗೆಯೋದು. ಅದಕ್ಕೂ ಇದೆಲ್ಲ ಬೇಕಾ? ಮತ್ತೆ ಬೆಂಗಳೂರಿನ ಎತ್ತರಕ್ಕೆ ಡಯಲ್ ಬದಲಿಸಬೇಕು ಅಂತಾರಲ್ಲ?

---

ಮೂಷಿಕವಾಹನ

ಜಾರ್ ಇನ್ನೂ ಕೆಟ್ಟದ್ದು, ಡಕ್ಟ್ ಇರುವ ಫ್ಯೂಮ್ ಹುಡ್ ಒಳಗೆ ಮಾತ್ರ. ಕೋಣೆಯ ಬಿಸಿಯಲ್ಲಿ ಮುಚ್ಚಿದ ಜಾರ್‌ನಲ್ಲಿ ಆವಿ 30% ದಾಟಬಲ್ಲದು, ಅದು ಇಲಿಯನ್ನು ಕೊಲ್ಲುವ ಪ್ರಮಾಣ. 1 ಲೀಟರ್ ಜಾರ್‌ಗೆ 5% ಬೇಕಾದರೆ ದ್ರವ 0.25 ಮಿ.ಲೀ. ಸಾಕು. ಸಿರಿಂಜ್‌ನಿಂದ ಅಳೆದು ಹಾಕಿ, ಸುರಿಯಬೇಡಿ. ಹತ್ತಿ ಇಲಿಗೆ ತಾಗದಂತೆ ಮೇಲೆ ಜಾಲರಿ ಇರಲಿ.

ಎತ್ತರಕ್ಕೆ ಬದಲಿಸಬೇಕಿಲ್ಲ. ಟೆಕ್ ಮಾದರಿಯದ್ದು ಬೆಂಗಳೂರಿನಲ್ಲಿ 2% ಡಯಲ್‌ಗೆ ಸುಮಾರು 2.2% ಕೊಡುತ್ತದೆ. ಆದರೆ ವಾಯುಒತ್ತಡ ಕಡಿಮೆ ಇರುವುದರಿಂದ ಇಲಿಯ ಮಿದುಳಿಗೆ ತಲುಪುವ ಭಾಗಶಃ ಒತ್ತಡ ಅಷ್ಟೇ ಇರುತ್ತದೆ.

---

ಬಿಳಿಇಲಿ_ಬೆಂಚು

ಎಲ್ಲರಿಗೂ ಧನ್ಯವಾದ. ಇನ್ನೂ ಮೂರು ಪ್ರಶ್ನೆ. ಲ್ಯಾಬ್‌ನಲ್ಲಿ ಒಬ್ಬರು ಗರ್ಭಿಣಿ, ಅವರು ಸರ್ಜರಿ ಮುಂದುವರಿಸಬಹುದೇ? ತುಂಬಿದ ಕ್ಯಾನಿಸ್ಟರ್ ಎಲ್ಲಿ ಹಾಕುವುದು? ಮತ್ತೆ ಬ್ರಿಟನ್ನಿನಲ್ಲಿ 50 ಪಿಪಿಎಂ ವರೆಗೂ ಸರಿ ಅಂತ ಓದಿದೆ, ನಾವು 2 ಅಂತ ಯಾಕೆ ಒದ್ದಾಡಬೇಕು?

---

ವೆಟ್_ಮಾಮ

ಬ್ರಿಟನ್ನಿನ 50 ಐಸೋಫ್ಲುರೇನ್‌ಗೆ 8 ಗಂಟೆಯ ಸರಾಸರಿ. ಎನ್‌ಐಒಎಸ್‌ಎಚ್‌ನ 2 ಬಂದಾಗ ಐಸೋಫ್ಲುರೇನ್ ಮಾರುಕಟ್ಟೆಯಲ್ಲೇ ಇರಲಿಲ್ಲ, ಹ್ಯಾಲೋಥೇನ್‌ನಂಥ ಹಳೆಯವನ್ನು ನೋಡಿ ಹಾಕಿದ್ದು. ಆಗಿನ ಉಪಕರಣ ಅಳೆಯಬಹುದಾದ ಕನಿಷ್ಠ ಮಟ್ಟಕ್ಕೂ ಅದಕ್ಕೂ ಸಂಬಂಧ ಇತ್ತು. ಹಾಗಂತ 50ರ ಆಸರೆ ಹಿಡಿಯಬೇಡಿ. ಮೇಲೆ ಹೇಳಿದ್ದನ್ನೆಲ್ಲ ಮಾಡಿದರೆ 2ರ ಕೆಳಗೆ ಇರುವುದು ಕಷ್ಟವೇ ಅಲ್ಲ, ಮತ್ತೆ ದೊಡ್ಡ ಸಂಖ್ಯೆಯ ಹಿಂದೆ ಅಡಗಿಕೊಳ್ಳುವುದು ಯಾಕೆ?

ಗರ್ಭಿಣಿಯರ ಬಗ್ಗೆ ಆತಂಕ ಹುಟ್ಟಿಸಿದ ಹಳೆಯ ಅಧ್ಯಯನಗಳು ಹೆಚ್ಚಾಗಿ ಸ್ಕ್ಯಾವೆಂಜಿಂಗ್ (ಹೊರಬಂದ ಗ್ಯಾಸ್ ಹಿಡಿದು ಸಾಗಿಸುವ ವ್ಯವಸ್ಥೆ) ಇಲ್ಲದ ಆಪರೇಷನ್ ಥಿಯೇಟರ್‌ಗಳ ಕಾಲದವು. ಆದರೆ ನಿಮ್ಮ ಕೋಣೆಯೂ ಈಗ ಅದೇ ಸ್ಥಿತಿಯಲ್ಲಿದೆ. ಸರಿಪಡಿಸಿ, ಅಳೆದು, ಸಂಖ್ಯೆ ಕೈಗೆ ಬರುವವರೆಗೆ ಅವರಿಗೆ ಬೇರೆ ಕೆಲಸ ಕೊಡಿ, ಆಮೇಲಿನದನ್ನು ಅವರ ಡಾಕ್ಟರ್ ಜೊತೆ ಮಾತಾಡಿ ಅವರೇ ನಿರ್ಧರಿಸಲಿ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ (ಇಂಥ ಅರಿವಳಿಕೆಗೆ ಮೈ ಅಪಾಯದ ಮಟ್ಟಕ್ಕೆ ಬಿಸಿಯೇರುವ ತೊಂದರೆ) ಮನೆತನದಲ್ಲಿ ಇರುವವರೂ ಮೊದಲೇ ತಿಳಿಸಬೇಕು. ಐಎಇಸಿ (ಸಂಸ್ಥೆಯ ಪ್ರಾಣಿ ನೈತಿಕತೆ ಸಮಿತಿ) ಅರ್ಜಿಯ ಗಮನವೆಲ್ಲ ಇಲಿಯ ಮೇಲೆ. ನಿಮ್ಮವರ ವಿಷಯ ನೀವೇ ಲ್ಯಾಬ್‌ನ ಕಾರ್ಯವಿಧಾನದಲ್ಲಿ ಬರೆದಿಡಬೇಕು.

---

ತಕ್ಕಡಿ

ತುಂಬಿದ ಕ್ಯಾನಿಸ್ಟರ್ ಹಿಡಿದದ್ದನ್ನು ಬಿಗಿಯಾಗಿ ಇಟ್ಟುಕೊಳ್ಳುವುದಿಲ್ಲ, ಬಿಸಿಯಾದರೆ ವಾಪಸ್ ಬಿಡುತ್ತದೆ. ಆಟೋಕ್ಲೇವ್ ಪಕ್ಕ, ಬಿಸಿಲು ಬೀಳುವ ಕಿಟಕಿ ಹತ್ತಿರ, ಸರ್ಜರಿ ಕೋಣೆಯ ಕಸದ ಬುಟ್ಟಿ, ಮೂರೂ ಬೇಡ. ಆಟೋಕ್ಲೇವ್ ಒಳಗಂತೂ ಹಾಕಲೇಬಾರದು. ಮೇಲೆ ಕೆಳಗೆ ಎರಡೂ ತೂತಿಗೆ ಟೇಪ್ ಹಾಕಿ, ದಪ್ಪ ಜಿಪ್ ಕವರ್‌ನಲ್ಲಿ ಕಟ್ಟಿ, 'ಐಸೋಫ್ಲುರೇನ್ ಹೀರಿದ ಇದ್ದಿಲು' ಅಂತ ಬರೆದು, ಸಂಸ್ಥೆಯ ಕೆಮಿಕಲ್ ವೇಸ್ಟ್ ತೆಗೆದುಕೊಂಡು ಹೋಗುವವರಿಗೆ ಕೊಡಿ. ನೈಟ್ರಸ್ ಆಕ್ಸೈಡ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ಇದ್ದಿಲು ಹಿಡಿಯುವುದೇ ಇಲ್ಲ. ನಿಮಗೆ ಡಕ್ಟ್ ಬಿಟ್ಟು ಬೇರೆ ದಾರಿ ಇಲ್ಲ.